ಸರ್ವೆ ಮೇಲ್ ಅಸಲಿಯೋ ನಕಲಿಯೋ? ಅದು ಏನು ಕೇಳುತ್ತಿದೆ ನೋಡಿ

“ನಮ್ಮ ಸೇವೆ ಹೇಗಿತ್ತು? ಎರಡು ನಿಮಿಷ ಬಿಡುವು ಮಾಡಿಕೊಂಡು ಹೇಳಿ.” ಇಂಥ ಮೇಲ್ ಬಾರದವರು ಈ ಮುಂಬಯಿಯಲ್ಲಿ ಯಾರೂ ಇರಲಿಕ್ಕಿಲ್ಲ. ಇದರಲ್ಲಿ ಅಸಲಿ ಯಾವುದು, ಮೋಸದ್ದು ಯಾವುದು ಎಂದು ತಿಳಿಯಲು ಹೆಚ್ಚಿನವರು ಲೋಗೋ ನೋಡುತ್ತಾರೆ. ಇಂಗ್ಲಿಷ್‌ನಲ್ಲಿ ಸ್ಪೆಲಿಂಗ್ ತಪ್ಪಿದೆಯಾ ಎಂದು ಹುಡುಕುತ್ತಾರೆ. ಆ ಕಾಲ ಹೋಯಿತು. ಎಐ ಕೈಲಿ ಬರೆಸಿದರೆ ಮೋಸಗಾರನ ಇಂಗ್ಲಿಷೂ ಶುದ್ಧ, ಮರಾಠಿಯೂ ಶುದ್ಧ. ಕನ್ನಡವೂ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಲೋಗೋ ಅಂತೂ ಯಾರು ಬೇಕಾದರೂ ಕಾಪಿ ಮಾಡಬಹುದು.

ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಈ ಮೇಲ್‌ಗೆ ಬೇಕಾಗಿರುವುದು ನನ್ನ ಅಭಿಪ್ರಾಯವಾ, ನನ್ನ ವಿವರವಾ?

ಮಾಟುಂಗದ ಕಡೆ ನಮ್ಮ ಪರಿಚಯದ ಶೆಟ್ರ ಹೋಟೆಲಿದೆ. ಒಮ್ಮೆ ಗಲ್ಲಾದಲ್ಲಿ ಕೂತವರು ಮೊಬೈಲ್ ನನ್ನ ಕಡೆ ಚಾಚಿ, “ಇದೊಂದು ನೋಡು ಮಾರಾಯ, ಒತ್ತಬಹುದಾ?” ಎಂದರು. ಅವರಿಗೆ ಒಟ್ಟಿಗೆ ಎರಡು ಸರ್ವೆ ಬಂದಿದ್ದವು. ಒಂದು ಊಟ ತಲುಪಿಸುವ ಆ್ಯಪ್‌ನವರದು. ಇನ್ನೊಂದು ಕಾರ್ಡ್ ಉಜ್ಜುವ ಮಿಷಿನ್ ಕಂಪನಿಯ ಹೆಸರಲ್ಲಿ. ಈ ಎರಡನೆಯದು ನೋಡಲು ಬಹಳ ಚೆಂದ. ಶೆಟ್ರ ಹೋಟೆಲಿನ ಹೆಸರೂ ಇತ್ತು. ಸರ್ವೆ ತುಂಬಿದರೆ ಮಿಷಿನ್ ಬಾಡಿಗೆ ಮಾಫಿ ಎಂದಿತ್ತು. ಆದರೆ ಕೊನೆಯ ಪುಟದಲ್ಲಿ ಡೆಬಿಟ್ ಕಾರ್ಡ್ ನಂಬರ್, ಎಕ್ಸ್‌ಪೈರಿ, ಖಾತೆ ನಂಬರ್ ಕೇಳಿತ್ತು. ಮೊದಲನೆಯದು ಮಾತ್ರ ಯಾವುದೋ ಉದ್ದದ ವಿಳಾಸದಿಂದ ಬಂದಿತ್ತು. ಲಿಂಕ್ ಇನ್ಯಾವುದೋ ಸೈಟಿಗೆ ಹೋಗುತ್ತಿತ್ತು. ಶೆಟ್ರು ಮೊದಲನೆಯದನ್ನು ಅಳಿಸಬೇಕು, ಎರಡನೆಯದನ್ನು ತುಂಬಬೇಕು ಎಂದು ಕೂತಿದ್ದರು. ವಿಚಾರಿಸಿ ನೋಡಿದರೆ ಅಳಿಸಬೇಕೆಂದಿದ್ದೇ ಅಸಲಿ.

ಇದರಲ್ಲಿ ಶೆಟ್ರ ತಪ್ಪು ಏನೂ ಇಲ್ಲ. ನೋಟದಿಂದ ತೀರ್ಮಾನಿಸಿದರೆ ಯಾರಿಗಾದರೂ ಹಾಗೇ ಆಗುತ್ತದೆ.

ಕಂಪನಿಗೆ ನೀವು ಯಾರೆಂದು ಗೊತ್ತಿದೆ. ನಿಮ್ಮ ಖಾತೆ, ಆರ್ಡರ್, ಮೊಬೈಲ್ ನಂಬರ್ ಎಲ್ಲ ಅವರ ಹತ್ತಿರವೇ ಇದೆ. ಮತ್ತೆ ಯಾಕೆ ಕೇಳಬೇಕು? ನಿಜವಾದ ಸರ್ವೆ ಹತ್ತರಲ್ಲಿ ಎಷ್ಟು ಮಾರ್ಕು ಕೊಡುತ್ತೀರಿ, ಏನು ಹಿಡಿಸಲಿಲ್ಲ, ಬೇರೆಯವರಿಗೆ ಹೇಳುತ್ತೀರಾ ಎಂದು ಕೇಳುತ್ತದೆ. ಕೆಲವೊಮ್ಮೆ ವಯಸ್ಸೂ ಕೇಳಬಹುದು. ಆದರೆ 25ರಿಂದ 34ರ ಒಳಗಾ, 35ರಿಂದ 44ರ ಒಳಗಾ ಎಂದು ಗುಂಪಿನಲ್ಲಿ ಕೇಳುತ್ತದೆ. ಹುಟ್ಟಿದ ತಾರೀಕು, ಪ್ಯಾನ್, ಆಧಾರ್, ಪಾಸ್‌ವರ್ಡ್, ಒಟಿಪಿ, ಸಿವಿವಿ ಇವಕ್ಕೂ ನಿಮ್ಮ ಅಭಿಪ್ರಾಯಕ್ಕೂ ಏನು ಸಂಬಂಧ? ಇವುಗಳಲ್ಲಿ ಒಂದನ್ನು ಕೇಳಿದರೂ ಅಲ್ಲಿಗೇ ಮುಚ್ಚಿಬಿಡಿ. ಗೂಗಲ್ ಫಾರ್ಮ್ಸ್‌ನ ಕೆಳಗೆ ನೋಡಿ. ಇಲ್ಲಿ ಪಾಸ್‌ವರ್ಡ್ ಕೊಡಬೇಡಿ ಎಂದು ಗೂಗಲ್ಲೇ ಬರೆದಿರುತ್ತದೆ.

ಬಹುಮಾನದ ವಿಷಯ. ಅಸಲಿ ಕಂಪನಿಗಳೂ ಕೂಪನ್ ಕೊಡುವುದುಂಟು. ಆದರೆ ಅದನ್ನು ಪಡೆಯಲು ನೀವು ದುಡ್ಡು ಕಟ್ಟಬೇಕಾಗಿಲ್ಲ. “ಗಿಫ್ಟ್ ನಿಮ್ಮದೇ, ಡೆಲಿವರಿ ಚಾರ್ಜ್ 49 ರೂಪಾಯಿ ಮಾತ್ರ” ಎಂದರೆ ಅವರ ಕಣ್ಣು ಆ 49ರ ಮೇಲಲ್ಲ, ನಿಮ್ಮ ಕಾರ್ಡಿನ ಮೇಲೆ. ಯುಪಿಐನಲ್ಲೂ ಅಷ್ಟೇ. ನಮಗೆ ದುಡ್ಡು ಬರಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ.

ಲಿಂಕ್ ಓದುವುದನ್ನೂ ಸ್ವಲ್ಪ ಕಲಿಯಬೇಕು. ವೆಬ್ ವಿಳಾಸದ ಯಜಮಾನ ಯಾರು ಎಂಬುದು ಮೊದಲಲ್ಲಿ ಇರುವುದಿಲ್ಲ, ಕೊನೆಯಲ್ಲಿ ಇರುತ್ತದೆ. ‘ನಿಮ್ಮಬ್ಯಾಂಕ್ ಡಾಟ್ ಸರ್ವೆಗಿಫ್ಟ್ ಡಾಟ್ ಕಾಮ್’ ಎಂದಿದ್ದರೆ ಅದು ಬ್ಯಾಂಕಿನದಲ್ಲ, ಸರ್ವೆಗಿಫ್ಟ್ ಎಂಬವನದು. ಡಾಟ್ ಕಾಮ್ ಆದ ಮೇಲೆ ಬರುವ ಓರೆ ಗೆರೆಯ (/) ಆಚೆ ಏನು ಬರೆದರೂ ಲೆಕ್ಕಕ್ಕಿಲ್ಲ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ತಮ್ಮ ಸೈಟನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಿಸಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು ಇದೇ ಕಾರಣಕ್ಕೆ. ನನಗೆ ಇದು ತುಂಬ ಒಳ್ಳೆಯ ಕೆಲಸ ಅನಿಸಿತು. ಆ ಬಾಲ ಬೇರೆಯವರಿಗೆ ಸಿಗುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿಕೊಡಲೂ ಸುಲಭ.

ಕಂಪ್ಯೂಟರಿನಲ್ಲಿ ಜಿಮೇಲ್ ನೋಡುವವರು ಮೇಲ್‌ನ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆಗೆಯಿರಿ. ಅಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲ ಕಾಣುತ್ತದೆ. ಮೇಲ್ ತಾನು ಹೇಳಿಕೊಳ್ಳುವ ವಿಳಾಸದಿಂದಲೇ ಬಂದಿದೆಯಾ ಎಂದು ನೋಡುವ ಪರೀಕ್ಷೆಗಳಿವು. ದಿನಕ್ಕೆ 5,000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ದೊಡ್ಡ ಕಂಪನಿಯ ಹೆಸರಿನ ಮೇಲ್ ಇಲ್ಲಿ ಫೇಲ್ ಆಗಿದ್ದರೆ ಮುಟ್ಟಬೇಡಿ. ಆದರೆ ಪಾಸ್ ಆಯಿತೆಂದು ನಂಬಿಬಿಡಲೂ ಬೇಡಿ. ಮೇಲ್ ಆ ವಿಳಾಸದಿಂದಲೇ ಬಂದಿದೆ ಎಂದಷ್ಟೇ ಅದರ ಅರ್ಥ. ಮೋಸಗಾರ ತನ್ನದೇ ವಿಳಾಸ ಕೊಂಡು ಎಲ್ಲ ಸರಿಮಾಡಿಕೊಂಡಿದ್ದರೆ ಅವನೂ ಪಾಸ್. ಕೆಲವು ಬ್ರೌಸರುಗಳಲ್ಲಿ ಕಾಣುವ ಬೀಗದ ಗುರುತೂ ಹೀಗೇ. ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಎನ್ನುತ್ತದೆ, ಆಚೆ ಕಡೆ ಕೂತವನು ಒಳ್ಳೆಯವನು ಎನ್ನುವುದಿಲ್ಲ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಈ ಗೊಂದಲದಲ್ಲಿ ಕಂಪನಿಗಳ ಪಾಲು ದೊಡ್ಡದು.

ಕಂಪನಿಗಳು ಸರ್ವೆಯನ್ನು ತಾವೇ ನಡೆಸುವುದು ಕಡಿಮೆ. ಕ್ವಾಲ್ಟ್ರಿಕ್ಸ್, ಸರ್ವೆಮಂಕಿಯಂಥ ಹೊರಗಿನ ಸೇವೆಗಳನ್ನು ಬಳಸುತ್ತವೆ. ಅದು ತಪ್ಪಲ್ಲ. ಆದರೆ ಮೇಲ್ ಬೇರೆ ವಿಳಾಸದಿಂದ ಬರುತ್ತದೆ, ಲಿಂಕ್ ಬೇರೆ ಸೈಟಿಗೆ ಹೋಗುತ್ತದೆ, “ಇಂದೇ ಕೊನೆಯ ದಿನ” ಎಂಬ ಅವಸರ ಬೇರೆ. ವರ್ಷವಿಡೀ “ಗೊತ್ತಿಲ್ಲದ ಲಿಂಕ್ ಒತ್ತಬೇಡಿ” ಎಂದು ಮೆಸೇಜ್ ಕಳಿಸುವವರೇ ಗೊತ್ತಿಲ್ಲದ ಲಿಂಕ್ ಕಳಿಸಿ ಒತ್ತಿ ಎನ್ನುತ್ತಾರೆ! ಜನ ಯಾವ ಮಾತನ್ನು ಕೇಳಬೇಕು? ಪುಣೆಯ ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗರನ್ನು ಕೇಳಿ. ಎಚ್‌ಆರ್ ಕಳಿಸಿದ ಸರ್ವೆಯನ್ನೇ ಫಿಶಿಂಗ್ (ವಿವರ ಕದಿಯುವ ಮೋಸದ ಮೇಲ್) ಎಂದು ಸೆಕ್ಯುರಿಟಿ ಟೀಮಿಗೆ ರಿಪೋರ್ಟ್ ಮಾಡಿದವರು ಸಿಗುತ್ತಾರೆ. ಅವರು ಮಾಡಿದ್ದು ಸರಿಯೇ. ಅನುಮಾನ ಪಟ್ಟಿದ್ದಕ್ಕೆ ಅವರನ್ನು ಮೆಚ್ಚಬೇಕು.

ಇದನ್ನು ಸರಿ ಮಾಡುವುದು ಕಷ್ಟವೇನಲ್ಲ. ಹೊರಗಿನ ಸೇವೆ ಬಳಸಿದರೂ ಕಂಪನಿ ತನ್ನ ಸ್ವಂತ ವಿಳಾಸದಿಂದ ಮೇಲ್ ಹೋಗುವಂತೆ, ಲಿಂಕಿನಲ್ಲೂ ತನ್ನದೇ ಹೆಸರು ಬರುವಂತೆ ಮಾಡಬಹುದು. ಸರ್ವೆ ನಡೆಯುತ್ತಿದೆ ಎಂದು ತನ್ನ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಒಂದು ಸಾಲು ಹಾಕಬಹುದು. ಹಾಗಿದ್ದರೆ ಶೆಟ್ರಂಥವರು ಲಿಂಕ್ ಮುಟ್ಟದೆಯೇ ಆ್ಯಪ್ ತೆರೆದು ನೋಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಅನುಮಾನ ಬಂದ ಸರ್ವೆಯನ್ನು ತುಂಬದಿದ್ದರೆ ನಿಮಗೆ ನಯಾಪೈಸೆ ನಷ್ಟವಿಲ್ಲ. ವಿಚಾರಿಸಲೇಬೇಕು ಅನಿಸಿದರೆ ಮೇಲ್‌ನಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಬ್ಯಾಂಕಿನ ಹೆಸರಲ್ಲಿ ಬಂದಿದ್ದರೆ ಕಾರ್ಡಿನ ಹಿಂದಿರುವ ಫೋನ್ ನಂಬರಿಗೆ ಮಾಡಿ.

ಅಕಸ್ಮಾತ್ ವಿವರ ಕೊಟ್ಟು ದುಡ್ಡು ಹೋಗಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ಮೊದಲು ಬ್ಯಾಂಕಿಗೆ ತಿಳಿಸಿ ಕಾರ್ಡ್ ಬ್ಲಾಕ್ ಮಾಡಿಸಿ, ತಕ್ಷಣ 1930ಕ್ಕೆ ಫೋನ್ ಮಾಡಿ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ನಲ್ಲೂ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ಗ್ರಾಹಕರೇ ಗುಟ್ಟಿನ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅದಕ್ಕೇ ಮನೆಯವರು ಏನಂದಾರು ಎಂದು ಸಂಜೆತನಕ ಯೋಚಿಸುತ್ತಾ ಕೂರುವುದು ಬೇಡ. ಮನೆಯಲ್ಲಿ ಹಿರಿಯರಿಗೆ ಹೀಗಾದರೆ ದಯವಿಟ್ಟು ಬೈಯಬೇಡಿ. ಬೈದರೆ ಮುಂದಿನ ಸಲ ಹೇಳುವುದೇ ಇಲ್ಲ.