ಆರಂಭಶೂರರ ಪರವಾಗಿ ಎರಡು ಮಾತು

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಮೈಯಲ್ಲಿ ಜ್ವರ ಇಟ್ಟುಕೊಂಡು ಮಲಗುವ ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಲಗುವ ಕೋಣೆಗೆ ನಡೆಯುತ್ತಿದ್ದೆ. ಕೈಯಲ್ಲಿ ಮೊಬೈಲ್. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಗುರಿಗೆ ಹನ್ನೆರಡು ಹೊಡೆಯುವುದರೊಳಗೆ ಇನ್ನೂ 1,200 ಹೆಜ್ಜೆ ಬಾಕಿ. ಹೆಂಡತಿ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದಳು. ಏನೂ ಹೇಳದೆ ದೀಪ ಆರಿಸಿ ಮಲಗಿಬಿಟ್ಟಳು. ಕತ್ತಲಲ್ಲಿ ಮಂಚದ ಕಾಲಿಗೆ ಕಿರುಬೆರಳು ಜಜ್ಜಿಕೊಂಡೆ, ಆದರೂ ನಿಲ್ಲಲಿಲ್ಲ. ಆ ದಿನ ಮೊಬೈಲ್ ತೋರಿಸಿದ್ದು: ಸತತ 61 ದಿನ.

ಎರಡು ವಾರದ ನಂತರ ಒಂದು ರಾತ್ರಿ ಪ್ರಯಾಣದಲ್ಲಿ ಎಲ್ಲವೂ ತಪ್ಪಿಹೋಯಿತು. ಬೆಳಿಗ್ಗೆ ತೆರೆದು ನೋಡಿದರೆ 74 ಇದ್ದ ಜಾಗದಲ್ಲಿ ದುಂಡಗೆ ಒಂದು ಸೊನ್ನೆ ಕುಳಿತಿತ್ತು. ಎರಡೂವರೆ ತಿಂಗಳು ನಡೆದ ಕಾಲು ನನ್ನದೇ, ದಮ್ಮು ಹಿಡಿದ ಎದೆಯೂ ನನ್ನದೇ. ಆದರೂ ಆ ಸೊನ್ನೆಯನ್ನೇ ನಂಬಿದೆ. ಮುಂದಿನ ಐದು ತಿಂಗಳು ಶೂ ಮುಟ್ಟಲಿಲ್ಲ. ಮತ್ತೆ ಹೊರತೆಗೆದಾಗ ಎಡಗಾಲಿನದರೊಳಗೆ ಜೇಡ ಬಲೆ ನೇಯ್ದು ಸಂಸಾರ ಹೂಡಿತ್ತು.

‘ಉತ್ಸಾಹ ಉಳಿಸಿಕೊಳ್ಳುವುದು ಹೇಗೆ?’ ಎಂದು ಕೇಳುವವರಿಗೆ ಈ ಕಥೆ ಹೇಳುತ್ತೇನೆ. ಜ್ವರದಲ್ಲಿ ನಡೆದವನಿಗೆ ಉತ್ಸಾಹ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಕೆಟ್ಟದ್ದು ನಾನು ಇಟ್ಟುಕೊಂಡಿದ್ದ ಲೆಕ್ಕ. ಒಂದು ದಿನ ತಪ್ಪಿದರೆ ಹಿಂದಿನದೆಲ್ಲ ಸೊನ್ನೆ ಎನ್ನುವ ಲೆಕ್ಕ ಮೈಗೆ ಗೊತ್ತೇ ಇಲ್ಲ. ಒಂದೆರಡು ವಾರ ಭಾರ ಎತ್ತದಿದ್ದರೆ ಸ್ನಾಯುವಿನ ಬಲ ಹೆಚ್ಚೇನೂ ಇಳಿಯುವುದಿಲ್ಲ. ದಮ್ಮು ಅದಕ್ಕಿಂತ ಬೇಗ ಇಳಿಯುತ್ತದೆ, ನಿಜ. ಆದರೆ ಅದೂ ಒಂದೇ ರಾತ್ರಿಯಲ್ಲಿ ಆವಿಯಾಗಿಬಿಡುವಂಥದ್ದಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಅಚ್ಚಾಯಿತು. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಎಷ್ಟು ದಿನ ಬೇಕು ಎಂಬುದು ಪ್ರಶ್ನೆ. ಅವರ ಅಂದಾಜಿನಲ್ಲಿ ನಡುವಣ ಸಂಖ್ಯೆ 66 ದಿನ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ಬೇಕು! ‘21 ದಿನದಲ್ಲಿ ಅಭ್ಯಾಸ’ ಎಂದು ಸಾರುವವರು ಈ ಅಂತರವನ್ನು ನೋಡಬೇಕು. ನನಗೆ ಹಿಡಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬಿದ್ದಿರಲಿಲ್ಲ. ಇದು ಮೊದಲೇ ತಿಳಿದಿದ್ದರೆ ನನ್ನ ಕಿರುಬೆರಳಾದರೂ ಉಳಿಯುತ್ತಿತ್ತು.

ಇನ್ನು ಆ ಹತ್ತು ಸಾವಿರ ಹೆಜ್ಜೆ. ಅದನ್ನು ಯಾವುದೋ ವೈದ್ಯಕೀಯ ಸತ್ಯವೆಂದೇ ಭಾವಿಸಿದ್ದೆ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದರ ಹೆಸರು ‘ಮಾನ್ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಸರಕಿಗೆ ಇಟ್ಟ ಹೆಸರು ಜಗತ್ತಿಗೆಲ್ಲ ನಿಯಮವಾಯಿತು. ನಡೆಯುವುದು ಒಳ್ಳೆಯದೇ, ಬೇಡವೆಂದವರಾರು? ಆದರೆ 9,400ಕ್ಕೆ ನಿಂತವನು ಸೋತವನಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಗಮನಿಸಿ, ಲೆಕ್ಕ ವಾರದ್ದು. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಇರಬೇಕೆಂಬ ಹಳೆಯ ಷರತ್ತನ್ನೂ 2020ರಲ್ಲಿ ಕೈಬಿಟ್ಟರು. ಐದು ನಿಮಿಷ ಮೆಟ್ಟಿಲು ಹತ್ತಿದರೂ ಅದು ಲೆಕ್ಕಕ್ಕೆ ಸೇರುತ್ತದೆ.

ತೂಕದ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿನ್ನೆಗಿಂತ ಇವತ್ತು ಒಂದು ಕಿಲೋ ಏರಿದ್ದರೆ ಬಹುಪಾಲು ಅದು ನೀರು. ಅದರ ಮೇಲೆ ದಿನಾ ಹತ್ತಿ ನಿಂತು ಮುಖ ಸಣ್ಣದು ಮಾಡಿಕೊಳ್ಳುವವರನ್ನು ಕಂಡರೆ ನನಗೆ ನನ್ನ ಸೊನ್ನೆ ನೆನಪಾಗುತ್ತದೆ.

ನಮ್ಮ ಭಾಷೆಯಲ್ಲಿ ‘ಆರಂಭಶೂರ’ ಎನ್ನುವುದು ಬೈಗುಳ. ನನ್ನನ್ನೂ ಮನೆಯವರೆಲ್ಲ ಹಾಗೆಯೇ ಕರೆಯುತ್ತಾರೆ, ನಾನೀಗ ಮರುಮಾತಾಡುವುದಿಲ್ಲ. ಎಷ್ಟೇ ಶಿಸ್ತಿನವರಿಗೂ ಕಾಯಿಲೆ ಬರುತ್ತದೆ, ಕಚೇರಿಯ ಕೆಲಸ ರಾತ್ರಿಯವರೆಗೆ ಎಳೆಯುತ್ತದೆ, ಮಗುವಿಗೆ ಪರೀಕ್ಷೆ ಇರುತ್ತದೆ. ವ್ಯಾಯಾಮ ತಪ್ಪೇ ತಪ್ಪುತ್ತದೆ. ಆಮೇಲೆ ನಾಚಿಕೆಯಿಲ್ಲದೆ ಮತ್ತೆ ಶುರುಮಾಡುವುದಕ್ಕೆ ಬೇಕಾದದ್ದು ಆರಂಭದ ಶೌರ್ಯವೇ ಅಲ್ಲವೇ? ಹತ್ತು ವರ್ಷದಿಂದ ವ್ಯಾಯಾಮ ಮಾಡುತ್ತಿರುವ ಸ್ನೇಹಿತನನ್ನು ಕೇಳಿದೆ. ‘ಬಿಟ್ಟಿದ್ದು ಎಷ್ಟು ಸಲವೋ ಲೆಕ್ಕ ಇಟ್ಟಿಲ್ಲ’ ಎಂದ. ಅವನನ್ನು ಯಾರೂ ಆರಂಭಶೂರ ಎನ್ನುವುದಿಲ್ಲ.

ಈಗ ನನ್ನ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿದೆ. ಮಾಡಿದ ದಿನಕ್ಕೊಂದು ಗೆರೆ, ತಿಂಗಳ ಕೊನೆಗೆ ಗೆರೆ ಎಣಿಸುವುದು, ಅಷ್ಟೇ. ಸತತವೋ ಬಿಡಿಬಿಡಿಯೋ ಎಂದು ನೋಡುವುದಿಲ್ಲ. ತೀರಾ ಸುಸ್ತಾದ ದಿನ ಗೋಡೆಗೆ ಕೈಯೂರಿ ಹತ್ತು ದಂಡ ಹೊಡೆದು ಗೆರೆ ಎಳೆದದ್ದೂ ಉಂಟು. ಅದನ್ನು ಮೋಸ ಎನ್ನುವವರು ಎನ್ನಲಿ. ಜ್ವರ ಬಂದರೆ ಮಲಗುತ್ತೇನೆ.

ಈ ತಿಂಗಳು ಇಲ್ಲಿಯವರೆಗೆ 13 ಗೆರೆ. ನಿನ್ನೆ, ಮೊನ್ನೆ ಎರಡೂ ಖಾಲಿ. ಇವತ್ತಿನದನ್ನು ಇದು ಬರೆದು ಮುಗಿಸಿ ಎಳೆಯಬೇಕು. ಬಲಗಾಲಿನ ಶೂ ಸಿಕ್ಕಿದೆ, ಎಡಗಾಲಿನದನ್ನು ಹುಡುಕುತ್ತಿದ್ದೇನೆ.