ನೂರು ನೈರಾ ನೋಟಿನ ಮೇಲಿರುವ ವಕೀಲರು

ನೈಜೀರಿಯಾದ 100 ನೈರಾ ನೋಟು ಸಿಕ್ಕರೆ ಸ್ವಲ್ಪ ಹತ್ತಿರದಿಂದ ನೋಡಿ. ದುಂಡು ಕನ್ನಡಕ, ತಲೆ ಮೇಲೆ ಬಟ್ಟೆಯ ಟೋಪಿ. ಅವರು ಒಬಾಫೆಮಿ ಅವೊಲೊವೊ. ದೇಶದ ನೈಋತ್ಯ ಭಾಗದ ಯೊರುಬಾ ಜನರಿಗೆ ಬರೀ 'ಅವೊ'. ಪ್ರಧಾನಿ ಆಗಲಿಲ್ಲ, ಅಧ್ಯಕ್ಷರೂ ಆಗಲಿಲ್ಲ. ಅವರ ಬಗ್ಗೆ ಮಾತು ಬಂದಾಗಲೆಲ್ಲ "ಅಯ್ಯೋ, ಅಧ್ಯಕ್ಷರಾಗಬೇಕಿತ್ತು" ಅನ್ನುವವರೇ ಜಾಸ್ತಿ. ನನಗೆ ಹಾಗನ್ನಿಸಲ್ಲ. ಪಶ್ಚಿಮ ಪ್ರಾಂತ್ಯದ ರಾಜಧಾನಿ ಇಬಾದಾನ್‌ನ ಪ್ರಾಂತೀಯ ಶಾಸನಸಭೆಯಲ್ಲಿ ಕೂತು ಅವರು ಮಾಡಿದ ಕೆಲಸ ಯಾವ ಅಧ್ಯಕ್ಷಗಿರಿಗೂ ಕಡಿಮೆಯದ್ದಲ್ಲ.

ಹುಟ್ಟಿದ್ದು 1909ರಲ್ಲಿ, ಇಕೆನ್ನೆ ಅನ್ನುವ ಊರಲ್ಲಿ. ಹನ್ನೊಂದು ವರ್ಷ ಆದಾಗ ಅಪ್ಪ ಸಿಡುಬಿನಿಂದ ತೀರಿಕೊಂಡರು. ಹುಡುಗ ಸೌದೆ ಮಾರಿ, ಅವರಿವರ ಮನೆ ಕೆಲಸ ಮಾಡಿ ಶಾಲೆ ಫೀಸು ಹೊಂದಿಸಿದ. ಆಮೇಲೆ ಮೇಷ್ಟ್ರು, ಗುಮಾಸ್ತ, ವರದಿಗಾರ, ವ್ಯಾಪಾರಿ. ವ್ಯಾಪಾರದಲ್ಲಿ ಕೈ ಸುಟ್ಟುಕೊಂಡು ಸಾಲಕ್ಕೂ ಬಿದ್ದರು. ಕಾನೂನು ಓದಲು ಲಂಡನ್‌ಗೆ ಹೊರಟಾಗ ವಯಸ್ಸು ಮೂವತ್ತೈದು! ಇತ್ತ ಪತ್ನಿ ಹನ್ನಾ ವ್ಯಾಪಾರ ಮಾಡಿಕೊಂಡು ಸಂಸಾರ ನಡೆಸಿದರು. 1946ರಲ್ಲಿ ಬ್ಯಾರಿಸ್ಟರ್ ಆಗಿ, ವಾಪಸ್ ಬಂದು ಇಬಾದಾನ್‌ನಲ್ಲಿ ವಕೀಲಿಕೆ ಶುರು ಮಾಡಿದರು.

1951ರ ಚುನಾವಣೆಯಲ್ಲಿ ಆಕ್ಷನ್ ಗ್ರೂಪ್ ಪಕ್ಷದಿಂದ ಗೆದ್ದು ಪಶ್ಚಿಮ ಪ್ರಾಂತ್ಯದ ಶಾಸನಸಭೆಗೆ ಬಂದು, ಅಲ್ಲಿನ ಸರ್ಕಾರದ ಮುಖ್ಯಸ್ಥರಾದರು. ಮರುವರ್ಷವೇ ಅವರ ಶಿಕ್ಷಣ ಮಂತ್ರಿ ಅವೊಕೊಯಾ ಸಭೆಯ ಮುಂದೆ ಒಂದು ಯೋಜನೆ ಇಟ್ಟರು. 1955ರ ಜನವರಿಯಿಂದ ಪ್ರಾಂತ್ಯದ ಪ್ರತಿ ಮಗುವಿಗೂ ಪ್ರಾಥಮಿಕ ಶಾಲೆ ಉಚಿತ. ಇದ್ದದ್ದು ಎರಡೂವರೆ ವರ್ಷ. ಶಾಲೆ ಕಟ್ಟಬೇಕು, ಮೇಷ್ಟ್ರುಗಳನ್ನು ತಯಾರು ಮಾಡಬೇಕು. ಕೋಕೋ ಬೆಳೆಯ ದುಡ್ಡು ಇತ್ತು, ಸಾಲದು. ತೆರಿಗೆ ಹಾಕಿದರು. ಜನ ಸಿಟ್ಟಾದರು. 1954ರ ಫೆಡರಲ್ ಚುನಾವಣೆಯಲ್ಲಿ ತಮ್ಮ ಪ್ರಾಂತ್ಯದಲ್ಲೇ ಎದುರಾಳಿ ಪಕ್ಷಕ್ಕೆ ಸೋತರು.

ಎಂಥವರಿಗೂ ಆಗ ಕೈ ನಡುಗುತ್ತೆ ಅಲ್ವಾ? ಯೋಜನೆ ಮುಂದೂಡಲು ಅದಕ್ಕಿಂತ ಒಳ್ಳೆ ನೆಪ ಬೇಕಿರಲಿಲ್ಲ. ಅವೊ ಮುಂದೂಡಲಿಲ್ಲ. 1955ರ ಜನವರಿ 17ರಂದು ಶಾಲೆಗಳು ತೆರೆದವು. ಹಿಂದಿನ ವರ್ಷ ಸುಮಾರು ನಾಲ್ಕೂವರೆ ಲಕ್ಷ ಇದ್ದ ಮಕ್ಕಳ ಸಂಖ್ಯೆ ಎಂಟು ಲಕ್ಷ ದಾಟಿತು. ಸೌದೆ ಮಾರಿ ಫೀಸು ಕಟ್ಟಿದ ಹುಡುಗ ಲಕ್ಷಾಂತರ ಮಕ್ಕಳ ಫೀಸನ್ನೇ ತೆಗೆದುಹಾಕಿದ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತೆ. ಮರುವರ್ಷ ಅದೇ ಜನ ಅವರನ್ನು ಮತ್ತೆ ಗೆಲ್ಲಿಸಿದರು.

1959ರಲ್ಲಿ ಇಬಾದಾನ್‌ನಲ್ಲಿ ಟಿವಿ ಕೇಂದ್ರವನ್ನೂ ಶುರು ಮಾಡಿದರು. ಅದೇ ವರ್ಷದ ಕೊನೆಗೆ ಪ್ರಾಂತ್ಯ ಬಿಟ್ಟು ಫೆಡರಲ್ ಸಂಸತ್ತಿಗೆ ಹೋದರು, ವಿರೋಧ ಪಕ್ಷದ ನಾಯಕರಾಗಿ. ಕಷ್ಟಗಳು ಅಲ್ಲಿಂದ ಶುರು. 1962ರಲ್ಲಿ ಪಕ್ಷ ಒಡೆಯಿತು, ಇಬಾದಾನ್‌ನ ಅದೇ ಸಭೆಯಲ್ಲಿ ಕುರ್ಚಿಗಳು ಹಾರಾಡಿದವು. ಆಮೇಲೆ ದೇಶದ್ರೋಹದ ಕೇಸು. ಅವರು ಗೊತ್ತುಮಾಡಿದ್ದ ವಿದೇಶಿ ವಕೀಲರನ್ನು ಸರ್ಕಾರ ದೇಶದೊಳಕ್ಕೇ ಬಿಡಲಿಲ್ಲ. ತಮ್ಮ ಪರ ತಾವೇ ವಾದಿಸಿದರು. ವಿಚಾರಣೆ ನಡೆಯುತ್ತಿರುವಾಗಲೇ, 1963ರ ಜುಲೈನಲ್ಲಿ, ವಕೀಲನಾಗಿದ್ದ ಹಿರಿಮಗ ಸೆಗುನ್ ಕಾರು ಅಪಘಾತದಲ್ಲಿ ಹೋದ. ಅದಾಗಿ ಎರಡು ತಿಂಗಳಿಗೆ ತೀರ್ಪು ಬಂತು, ಹತ್ತು ವರ್ಷ ಜೈಲು. 1966ರಲ್ಲಿ ಆಗಿನ ಸೇನಾ ಆಡಳಿತಗಾರ ಗೊವೊನ್ ಬಿಡುಗಡೆ ಮಾಡಿದರು.

ಅವರನ್ನು ದೇವರು ಮಾಡಲು ನಾನು ತಯಾರಿಲ್ಲ. ಪೂರ್ವದ ಇಗ್ಬೊ ಜನ ಬಿಯಾಫ್ರಾ ಅಂತ ಬೇರೆ ದೇಶ ಮಾಡಲು ಹೊರಟಾಗ ನಡೆದ ಯುದ್ಧದ ಕಾಲದಲ್ಲಿ ದೇಶದ ಹಣಕಾಸು ಅವರ ಕೈಯಲ್ಲಿತ್ತು. ಯುದ್ಧ ಮುಗಿದ ಮೇಲೆ, ಬ್ಯಾಂಕಿನಲ್ಲಿ ಎಷ್ಟೇ ಇಟ್ಟಿದ್ದರೂ ಇಗ್ಬೊ ಜನರಿಗೆ ಸಿಕ್ಕಿದ್ದು 20 ಪೌಂಡ್. ಆ ಗಾಯ ಇನ್ನೂ ಮಾಯ್ದಿಲ್ಲ. ಇಗ್ಬೊ ಜನರ ಸಿಟ್ಟು ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ.

1979ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. ಗೆಲ್ಲಲು ಮೂರನೇ ಎರಡು ಭಾಗ ರಾಜ್ಯಗಳಲ್ಲಿ ಕನಿಷ್ಠ ಕಾಲು ಭಾಗ ಮತ ಬೇಕಿತ್ತು. 19 ರಾಜ್ಯಗಳಲ್ಲಿ ಮೂರನೇ ಎರಡು ಭಾಗ ಅಂದರೆ ಎಷ್ಟು ಅನ್ನುವ ಲೆಕ್ಕಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋದರು, ಅಲ್ಲೂ ಸೋತರು. 1983ರಲ್ಲಿ ಮತ್ತೆ ಸೋಲು. ಆದರೆ 1979ರಲ್ಲಿ ಐದು ರಾಜ್ಯಗಳು ಅವರ ಪಕ್ಷಕ್ಕೆ ಸಿಕ್ಕಿದ್ದವು. ಆ ಐದೂ ಕಡೆ ಶಾಲೆ ಫೀಸು ಹೋಯಿತು. ಲಾಗೋಸ್‌ನಲ್ಲಿ ಮಕ್ಕಳು ಪಾಳಿ ಮೇಲೆ ಓದುತ್ತಿದ್ದರು, ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು. ಗವರ್ನರ್ ಜಕಾಂಡೆ ಸಾಲು ಸಾಲು ಕೊಠಡಿ ಕಟ್ಟಿಸಿ ಆ ಪಾಳಿ ನಿಲ್ಲಿಸಿದರು.