ರೀಸ್ಟಾರ್ಟ್ ಮಾಡಿ ನೋಡಿ ಸರ್

ಇಂಟರ್ನೆಟ್ ಕಂಪನಿಗಳ ಕಸ್ಟಮರ್ ಕೇರ್‌ನವರಿಗೆ ಮಂಗಳೂರು ಪುರಭವನದಲ್ಲಿ ಒಂದು ಸನ್ಮಾನ ಆಗಲೇಬೇಕು. ಶಾಲು, ಹಾರ, ಫಲತಾಂಬೂಲ, ಯಾವುದಕ್ಕೂ ಕಡಿಮೆ ಮಾಡಬಾರದು. ರೋಗ ಯಾವುದೇ ಇರಲಿ, ಮದ್ದು ಒಂದೇ: ರೂಟರ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಆನ್ ಮಾಡಿ. ಮರುದಿನ ಬೆಳಿಗ್ಗೆ ನಿಮ್ಮ ದೂರು ಪರಿಹಾರವಾಗಿದೆ ಎಂದು ಮೆಸೇಜು. ಯಾರು ಪರಿಹರಿಸಿದ್ದು, ಎಂತದ್ದು ಪರಿಹರಿಸಿದ್ದು ಎಂದೆಲ್ಲ ಕೇಳಬಾರದು ಮಾರಾಯ್ರೆ.

ದೂರು ಎಲ್ಲರಿಗೂ ಗೊತ್ತಿರುವಂಥದ್ದೇ. ಮನೆಯಲ್ಲಿ ನಾಸ್ ಪೆಟ್ಟಿಗೆ, ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿದ ಹಾರ್ಡ್ ಡಿಸ್ಕಿನ ಪೆಟ್ಟಿಗೆ ಉಂಟು. ಮದುವೆ ವಿಡಿಯೋ, ಯಕ್ಷಗಾನದ ರೆಕಾರ್ಡಿಂಗ್, ಆರ್‌ಟಿಸಿ ಸ್ಕ್ಯಾನ್ ಎಲ್ಲ ಅದರೊಳಗೆ. ವೈರ್ ಹಾಕಿದ ಕಂಪ್ಯೂಟರಿಗೆ ಕಾಣುತ್ತದೆ, ವೈಫೈಯ ಮೊಬೈಲಿಗೆ ಕಾಣುವುದಿಲ್ಲ. ಅದೇ ಮೊಬೈಲಿನಲ್ಲಿ ದುಬೈಯ ಮೊಮ್ಮಗ ಹಲ್ಲುಜ್ಜುವುದು ಕಾಣುತ್ತದೆ.

"ಇಂಟರ್ನೆಟ್ ಬರ್ತಾ ಉಂಟಲ್ಲ ಸರ್?"

"ಅದು ಬರ್ತಾ ಉಂಟು."

"ಹಾಗಾದ್ರೆ ನಮ್ಮ ಕಡೆಯಿಂದ ಎಲ್ಲ ಸರಿ ಉಂಟು."

ಸರಿ ಇಲ್ಲ. ಹೆಚ್ಚಿನ ಸಲ ಮೊಬೈಲು ಗೆಸ್ಟ್ ವೈಫೈಗೆ ಸೇರಿರುತ್ತದೆ, ಇಲ್ಲವೇ ರೂಟರಿನಲ್ಲಿ ಎಪಿ ಐಸೊಲೇಶನ್ ಎಂಬ ಸೆಟ್ಟಿಂಗ್ ಆನ್ ಇರುತ್ತದೆ. ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ, ಬಡಿಸುವವರ ಹತ್ತಿರ ಬಿಟ್ಟು ಪಕ್ಕದ ಎಲೆಯವರ ಹತ್ತಿರ ಮಾತಾಡಬಾರದು ಎಂದ ಹಾಗೆ. ಲಾಡ್ಜಿನ ವೈಫೈಗೆ ಅದು ಬೇಕು, ಮನೆಗೆ ಯಾಕೆ? ಟಿಕ್ ತೆಗೆಯಲು ಅರ್ಧ ನಿಮಿಷ ಸಾಕು. ಆದರೆ ಬ್ರೌಸರಿನಲ್ಲಿ 192.168.1.1 ಎಂಬ ರೂಟರಿನ ವಿಳಾಸ ಹೊಡೆದು, ರೂಟರನ್ನು ಮಗುಚಿ ಅಡಿಯ ಸ್ಟಿಕರಿನಲ್ಲಿರುವ ಪಾಸ್‌ವರ್ಡ್ ಹಾಕಿದರೆ ಎಷ್ಟೋ ರೂಟರುಗಳಲ್ಲಿ ವೈಫೈ ಹೆಸರು ಬದಲಿಸುವ ಪುಟ ಮಾತ್ರ ಸಿಗುತ್ತದೆ. ಉಳಿದ ಪುಟಗಳ ಪಾಸ್‌ವರ್ಡ್ ಕಂಪನಿಯ ಹತ್ತಿರ. ಗ್ರಾಹಕರ ಸುರಕ್ಷತೆಗಾಗಿ ಅಂತೆ! ದುಡ್ಡು ನಮ್ಮದು, ಕರೆಂಟು ನಮ್ಮದು, ಮೊಳೆ ಹೊಡೆಸಿಕೊಂಡ ಗೋಡೆ ನಮ್ಮದು. ನಮ್ಮ ಮನೆಯ ಎರಡು ವಸ್ತು ಪರಸ್ಪರ ಮಾತಾಡಲು ಮೂರನೆಯವನ ಅಪ್ಪಣೆ ಬೇಕು. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ.

ಇನ್ನು ರೀಸ್ಟಾರ್ಟ್ ವಿಷಯ. ಕರಾವಳಿಯವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಮೇ ತಿಂಗಳಿರಲಿ, ಅಕ್ಟೋಬರಿರಲಿ, ಸಂಜೆ ಘಟ್ಟದ ಕಡೆ ಕಪ್ಪಾಗಿ ಒಂದು ಗುಡುಗು ಕೇಳಿದರೆ ಸಾಕು, ಅಜ್ಜಿಯಿಂದ ಹಿಡಿದು ಮಕ್ಕಳವರೆಗೆ ಪ್ಲಗ್ ಕೀಳಲು ಓಡುತ್ತಾರೆ. ಫೈಬರಿನ ಗಾಜಿನೆಳೆಯಲ್ಲಿ ಸಿಡಿಲು ಬರುವುದಿಲ್ಲ ನಿಜ, ಆದರೆ ಕರೆಂಟಿನ ತಂತಿಯಲ್ಲಿ ಬರುತ್ತದೆ, ರೂಟರಿನಿಂದ ನಾಸ್‌ಗೆ ಹೋಗುವ ತಾಮ್ರದ ಲ್ಯಾನ್ ಕೇಬಲಿನಲ್ಲೂ ಬರುತ್ತದೆ. ಹಾಗಾಗಿ ಅದನ್ನೂ ಕೀಳುವುದು ಒಳ್ಳೆಯದು. ತಮಾಷೆ ಏನೆಂದರೆ, ಎಷ್ಟೋ ಸಲ ರೋಗ ಹುಟ್ಟುವುದೇ ಈ ರೀಸ್ಟಾರ್ಟಿನಿಂದ. ಎಲ್ಲ ಮತ್ತೆ ಆನ್ ಆದಾಗ ರೂಟರು ಪ್ರತಿ ಯಂತ್ರಕ್ಕೂ ಹೊಸದಾಗಿ ನಂಬರು (ಐಪಿ ವಿಳಾಸ) ಹಂಚುತ್ತದೆ. ನಿನ್ನೆ 192.168.1.12 ಆಗಿದ್ದ ನಾಸ್ ಇವತ್ತು 192.168.1.15. ಮೊಬೈಲು ಹಳೆಯ ನಂಬರಿನ ಬಾಗಿಲು ತಟ್ಟುತ್ತಾ ಕೂರುತ್ತದೆ. ರೂಟರಿನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ (ನಾಸ್‌ಗೆಂದೇ ಒಂದು ನಂಬರು ಕಾದಿಡುವುದು) ಮಾಡಿದರೆ ಮುಗಿಯಿತು, ಆದರೆ ಆ ಪುಟವೂ ಬೀಗದೊಳಗೇ ಇರಬಹುದು. ಆಗ ನಾಸ್‌ನ ಸೆಟ್ಟಿಂಗಿನಲ್ಲೇ ಸ್ಥಿರ ಐಪಿ ಕೊಡಿ. ರೂಟರು ಹಂಚುವ ನಂಬರುಗಳು 192.168.1.200ಕ್ಕೆ ಮುಗಿಯುವುದಾದರೆ 192.168.1.250 ಇಡಿ, ಗೇಟ್‌ವೇ ಜಾಗಕ್ಕೆ ರೂಟರಿನ ನಂಬರು.

ಕೆಂಪುಕಲ್ಲಿನ ಗೋಡೆ ದಾಟಲು 5 ಗಿಗಾಹರ್ಟ್ಸ್ ಸಿಗ್ನಲ್ ಒದ್ದಾಡುತ್ತದೆ ಎಂದು ಮಾಳಿಗೆಗೆ ಇನ್ನೊಂದು ರೂಟರ್ ತಂದಿರುತ್ತಾರೆ. ಕೆಳಗೆ 192.168.1, ಮೇಲೆ 192.168.0, ಒಂದೇ ಮನೆಯಲ್ಲಿ ಎರಡು ಊರು. ಮಾಳಿಗೆಯ ಮೊಬೈಲಿನಲ್ಲಿ ಹುಡುಕಿದರೆ ಕೆಳಗಿನ ನಾಸ್ ಸಿಗದು, ಆದರೆ ಐಪಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಸಿಗುತ್ತದೆ. ನಾಸ್ ಮಾಳಿಗೆಯಲ್ಲಿದ್ದು ಮೊಬೈಲು ಕೆಳಗಿದ್ದರೆ ಅದೂ ಇಲ್ಲ. ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ನಂಬರು ಹಂಚದೆ ವೈಫೈ ಮಾತ್ರ ಕೊಡುವ ಮೋಡ್) ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಐಪಿಯನ್ನು 192.168.1.2 ಮಾಡಿ (ಆ ನಂಬರು ಬೇರೆ ಯಾರಿಗೂ ಹೋಗಿರಬಾರದು), ಡಿಎಚ್‌ಸಿಪಿ (ನಂಬರು ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್ (ಹೊರಗಿನಿಂದ ಇಂಟರ್ನೆಟ್ ಬರುವ) ಪೋರ್ಟಿನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಚುಚ್ಚಿ.

ಎಲ್ಲ ತಪ್ಪು ಕಂಪನಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಮೊಬೈಲಿನಿಂದ ನಾಸ್‌ನ ಐಪಿಗೆ ಪಿಂಗ್ ಮಾಡಿ (ಇದ್ದೀಯಾ ಎಂದು ಕೂಗಿ ಕೇಳಿದ ಹಾಗೆ) ನೋಡಿ. ಉತ್ತರ ಬಂದೂ ಫೋಲ್ಡರ್ ತೆರೆಯದಿದ್ದರೆ ದಾರಿ ಸರಿ ಉಂಟು, ಬಾಗಿಲಲ್ಲಿ ತಕರಾರು. ಐಫೋನಿನಲ್ಲಿ 2020ರ ಐಒಎಸ್ 14ರಿಂದ ಮನೆಯ ಯಂತ್ರಗಳನ್ನು ಹುಡುಕುವ ಪ್ರತಿ ಆ್ಯಪಿಗೂ ಲೋಕಲ್ ನೆಟ್‌ವರ್ಕ್ ಅನುಮತಿ ಬೇಕು. ಅವಸರದಲ್ಲಿ ಬೇಡ ಎಂದು ಒತ್ತಿದವರು ಪ್ರೈವೆಸಿ ಸೆಟ್ಟಿಂಗಿಗೆ ಹೋಗಿ ಆನ್ ಮಾಡಬೇಕು. ಎಷ್ಟೋ ಹಳೆಯ ನಾಸ್‌ಗಳು ಫೈಲ್ ಹಂಚಲು ಎಸ್‌ಎಂಬಿ 1 ಎಂಬ ಹಳೆಯ ಭಾಷೆಯನ್ನೇ ಆಡುತ್ತವೆ. 2017ರಲ್ಲಿ ವಾನಾಕ್ರೈ ಎಂಬ ವೈರಸ್ ಹಬ್ಬಿದ್ದು ಅದೇ ಕಿಂಡಿಯಿಂದ, ಅದೇ ವರ್ಷದ ಕೊನೆಗೆ ವಿಂಡೋಸ್ 10ರ ಹೊಸ ಇನ್‌ಸ್ಟಾಲಿನಲ್ಲಿ ಅದನ್ನು ಕೈಬಿಟ್ಟರು. ಯಾರದೋ ಮಾತು ಕೇಳಿ ಅದನ್ನು ಮತ್ತೆ ಆನ್ ಮಾಡಬೇಡಿ, ನಾಸ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಆನ್ ಮಾಡಿ. ವಿಂಡೋಸ್ 11 ಪ್ರೊಗೆ 24ಎಚ್2 ಅಪ್‌ಡೇಟ್ ಬಂದ ಮೇಲೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವೂ ಬಂದ್. ನಾಸ್‌ನಲ್ಲಿ ಒಂದು ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿಕೊಳ್ಳಿ.

ದುಬೈಯ ಮಗನಿಗೂ ಮದುವೆ ವಿಡಿಯೋ ಬೇಕೆಂದು ಕೆಲವರು ರೂಟರಿನಲ್ಲಿ ಎಸ್‌ಎಂಬಿಯ ಬಾಗಿಲಾದ 445ನೇ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡುತ್ತಾರೆ. ಆ ಕೆಲಸಕ್ಕೆ ವೈರ್‌ಗಾರ್ಡ್, ಟೇಲ್‌ಸ್ಕೇಲ್ ಥರದ ವಿಪಿಎನ್ (ಇಂಟರ್ನೆಟ್ಟಿನೊಳಗೆ ಮನೆಗೊಂದು ಗುಟ್ಟಿನ ಸುರಂಗ) ಉಂಟು. ಆದರೆ ಪೋರ್ಟು ತೆರೆದರೂ ಎಷ್ಟೋ ಜನರ ಮನೆಗೆ ಹೊರಗಿನಿಂದ ಯಾರೂ ಬರಲಾರರು. ರೂಟರಿನ ವ್ಯಾನ್ ಐಪಿ 100.64ರಿಂದ 100.127ರೊಳಗೆ ಇದ್ದರೆ ಕಂಪನಿ ನಿಮಗೆ ಸ್ವಂತ ಸಾರ್ವಜನಿಕ ನಂಬರನ್ನೇ ಕೊಟ್ಟಿಲ್ಲ, ಹಲವಾರು ಮನೆಗಳನ್ನು ಒಂದೇ ನಂಬರಿನ ಹಿಂದೆ ತುಂಬಿಸಿದೆ ಎಂದರ್ಥ. ಈ ಉಪಕಾರವನ್ನು ಸನ್ಮಾನಪತ್ರದಲ್ಲಿ ಮರೆಯದೆ ಸೇರಿಸಬೇಕು.